ಬಳಸುದಾರಿಯಲ್ಲಿ ಬಂದ ನೀಲಿ ಪೆಟ್ಟಿಗೆ

"ಆ ಊರು ಎಷ್ಟು ದೂರ?" ಎಂದು ಯಾರಾದರೂ ಕೇಳಿದರೆ ದಾರಿಯಕ್ಕನಿಗೆ ಕೋಪ ಮೂಗಿನ ತುದಿಗೆ ಬಂದುಬಿಡುತ್ತಿತ್ತು. ದೂರ ಕೇಳಬೇಡಿ, ಎಷ್ಟು ಹೊತ್ತು ಎಂದು ಕೇಳಿ ಎನ್ನುವುದು ಅವಳು ಇಪ್ಪತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಒಪ್ಪಿಸುತ್ತ ಬಂದ ಪಾಠ. ನೆಲದ ಮೇಲೆ ಮೈಲಿಗಲ್ಲು ಇರುತ್ತದೆ, ಆಕಾಶದಲ್ಲಿ ಇರುವುದು ಗಾಳಿ ಮಾತ್ರ. ಗಾಳಿ ಬೆನ್ನಿಗಿದ್ದರೆ ದೂರದ ಊರೂ ಹತ್ತಿರ, ಎದುರಿಗಿದ್ದರೆ ಹತ್ತಿರದ ಊರೂ ದೂರ. ಹೋಗುವಾಗ ಹದಿಮೂರು ಗಂಟೆ ಹಿಡಿದ ದಾರಿಗೆ ಬರುವಾಗ ಹದಿನೈದು ಯಾಕೆ ಎಂದು ಒಮ್ಮೆ ನೆಂಟರೊಬ್ಬರು ಊಟಕ್ಕೆ ಕೂತಾಗ ಬಾಯಿ ತಪ್ಪಿ ಕೇಳಿದ್ದರು. ಎಲ್ಲರ ಊಟ ಆರಿ ತಣ್ಣಗಾಗುವವರೆಗೂ ಅವಳು ವಿವರಿಸಿದ್ದಳು. ಅಂದಿನಿಂದ ಆ ನೆಂಟರು ಅವಳೆದುರು ಸೆಕೆಯಾಗುತ್ತಿದೆ ಎನ್ನುವುದಕ್ಕೂ ಹೆದರುತ್ತಿದ್ದರು.

ಪಾಪ, ಅವಳ ಕೆಲಸವೇ ಅದು. ವಿಮಾನ ಕಂಪನಿಯೊಂದರ ಕಚೇರಿಯ ಮೂರನೇ ಮಹಡಿಯಲ್ಲಿ ಕಿಟಕಿಯೇ ಇಲ್ಲದ ಒಂದು ಉದ್ದ ಕೋಣೆ, ಅದರಲ್ಲಿ ಎಂಟು ಮೇಜು. ಆಕಾಶದ ವ್ಯವಹಾರ ನೋಡಿಕೊಳ್ಳುವವರಿಗೆ ಆಕಾಶವೇ ಕಾಣದ ಕೋಣೆ ಕೊಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ವಿಮಾನ ಹೊರಡುವ ಮುಂಚೆ ಇಲ್ಲಿ ಕೂತವರು ಅದಕ್ಕೆ ದಾರಿ ಹಾಕುತ್ತಾರೆ. ಯಾವ ಕಡೆಯಿಂದ ಹೋಗಬೇಕು, ಎಷ್ಟು ಎತ್ತರದಲ್ಲಿ ಹೋಗಬೇಕು, ಎಷ್ಟು ಎಣ್ಣೆ ತುಂಬಿಸಬೇಕು, ಇಳಿಯುವ ಊರಿನಲ್ಲಿ ಮಂಜು ಮುಸುಕಿದ್ದರೆ ಬೇರೆ ಯಾವ ಊರಿಗೆ ತಿರುಗಬೇಕು, ಎಲ್ಲ ಇಲ್ಲೇ ತೀರ್ಮಾನ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮ್ಮ ಇಟ್ಟ ಹೆಸರು ದಾರಿಯಕ್ಕ. ಅದು ಮನೆಯಿಂದ ಕೋಣೆಗೆ ಹೇಗೋ ನುಸುಳಿಕೊಂಡು ಬಂದು, ಈಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವಳ ನಿಜವಾದ ಹೆಸರು ಉಳಿದಿರಲಿಲ್ಲ.

ಅವಳ ಪಕ್ಕದ ಮೇಜು ಕಡ್ಡಿಯದು. ಮಾತೆಲ್ಲ ಕಡ್ಡಿ ಮುರಿದ ಹಾಗೆ, ಆಳೂ ಹಾಗೆಯೇ, ಆದ್ದರಿಂದ ಆ ಹೆಸರು ಇಟ್ಟವರು ಹೆಚ್ಚೇನೂ ತಲೆ ಕೆಡಿಸಿಕೊಂಡಿರಲಾರರು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಅಂದಿನಿಂದಲೂ ಜಗಳವಾಡಿಕೊಂಡೇ ಬಂದವರು. ಎಣ್ಣೆಯ ವಿಷಯದಲ್ಲಿ ಕಡ್ಡಿಯದು ಎಂಜಲ ಕೈಯಲ್ಲಿ ಕಾಗೆ ಓಡಿಸದ ಸ್ವಭಾವ. ನಿಯಮದಲ್ಲಿ ಎಷ್ಟಿದೆಯೋ ಅಷ್ಟು, ಅದರ ಮೇಲೆ ಒಂದು ತೊಟ್ಟೂ ಇಲ್ಲ. ಪೈಲಟ್‌ಗಳು ಫೋನ್ ಮಾಡಿ, ಸ್ವಲ್ಪ ಹೆಚ್ಚಿಗೆ ಹಾಕಿಸಿ ಮಾರಾಯರೇ ಎಂದು ಗೋಗರೆದರೆ, ಯಾಕೆ ಎಂಬ ಒಂದೇ ಮಾತು ಕೇಳಿ ಸುಮ್ಮನಾಗುತ್ತಿದ್ದ. ಅವನು ಹೇಳುವುದರಲ್ಲೂ ನ್ಯಾಯವಿತ್ತು. ಎಣ್ಣೆಗೂ ಭಾರವಿದೆ, ಆ ಭಾರ ಹೊತ್ತುಕೊಂಡು ಹೋಗುವುದಕ್ಕೂ ಎಣ್ಣೆ ಬೇಕು. ದೂರದ ಕೆರೆಯಿಂದ ಹತ್ತು ಕೊಡ ನೀರು ಹೊತ್ತವಳು ದಾರಿಯಲ್ಲಿ ಬಾಯಾರಿ ನಾಲ್ಕು ಕೊಡ ತಾನೇ ಕುಡಿದ ಹಾಗೆ.

ಆ ಕೋಣೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು, ಆದರೆ ಎಲ್ಲ ನಿಯಮಕ್ಕಿಂತ ಗಟ್ಟಿಯಾದದ್ದು. ತನ್ನ ಮನೆಯವರು ಹತ್ತಿದ ವಿಮಾನಕ್ಕೆ ತಾನೇ ದಾರಿ ಹಾಕಬಾರದು. ಎದ್ದು ನಿಂತು, "ನಮ್ಮವರು ಇದ್ದಾರೆ" ಎಂದರೆ ಸಾಕು. ಯಾರು, ಏನು ಎಂದು ಒಬ್ಬರೂ ಕೇಳುವುದಿಲ್ಲ, ಪಕ್ಕದ ಮೇಜಿನವರು ಆ ವಿಮಾನವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹಿಂದೆ ಯಾವನೋ ಪುಣ್ಯಾತ್ಮ ಮಗಳ ಮದುವೆಗೆ ಹೊರಟ ವಿಮಾನಕ್ಕೆ ಮಮತೆಯಿಂದ ಎಷ್ಟು ಎಣ್ಣೆ ತುಂಬಿಸಿದನೆಂದರೆ, ಭಾರ ಹೆಚ್ಚಾಗಿ ಅರ್ಧದಷ್ಟು ಪೆಟ್ಟಿಗೆಗಳನ್ನು ನೆಲದ ಮೇಲೇ ಇಳಿಸಬೇಕಾಯಿತಂತೆ. ಮದುಮಗಳು ಸರಿಯಾದ ಹೊತ್ತಿಗೆ ಹೋಗಿ ಇಳಿದಳು, ಅವಳ ಮದುವೆಯ ಬಟ್ಟೆ ಮದುವೆ ಮುಗಿದ ಮೇಲೆ ಬಂತು. ಪದ್ಧತಿ ಹುಟ್ಟಿದ್ದು ಅಲ್ಲಿಂದ ಎಂದು ಕೋಣೆಯ ಮುಖ್ಯಸ್ಥೆ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ಆಕೆಯನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ದೊಡ್ಡಮ್ಮ.

ಇನ್ನು ತಮ್ಮನ ವಿಷಯ. ಅವನು ಜನರಿಗೆ ಕಾರು ಕಲಿಸುವವನು. ಕಲಿಯುವವರು ಗೋಡೆಗೆ ಗುದ್ದಲು ಹೊರಟಾಗ ತನ್ನ ಕಾಲ ಕೆಳಗಿನ ಎರಡನೇ ಬ್ರೇಕು ಒತ್ತಿ, ಏನೂ ಆಗದವನಂತೆ ಕಿಟಕಿಯಾಚೆ ನೋಡುತ್ತ ಕೂರುವುದೇ ಅವನ ವಿದ್ಯೆ. ಅಕ್ಕ ವಿಮಾನಕ್ಕೆ ದಾರಿ ಹಾಕುತ್ತಾಳೆ, ಮನೆ ಮುಂದೆ ಸ್ಕೂಟರ್ ನಿಲ್ಲಿಸಲು ಬರುವುದಿಲ್ಲ ಎಂದು ಬೀದಿಗೆಲ್ಲ ಸಾರಿದವನು. ಅಂಥವನಿಗೆ ಮೂವತ್ತೈದರಲ್ಲಿ ರಕ್ತದ ಕಾಯಿಲೆ ಬಂತು. ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆಯೇ ಕೆಟ್ಟಿತ್ತು. ಅದನ್ನು ಔಷಧಿ ಹಾಕಿ ಪೂರ್ತಿ ಸುಟ್ಟು, ಬೇರೊಬ್ಬರ ಆರೋಗ್ಯವಂತ ಮಜ್ಜೆಯ ಕಣಗಳನ್ನು ಬಿತ್ತಬೇಕು, ಬೇರೆ ದಾರಿ ಇಲ್ಲ ಎಂದರು ಡಾಕ್ಟರು. ಡಾಕ್ಟರುಗಳ ಮಾತು ಸಾಮಾನ್ಯವಾಗಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತದೆ. ಈ ಮಾತು ಮಾತ್ರ ಹಾಗಿರಲಿಲ್ಲ.

ಒಡಹುಟ್ಟಿದವಳದು ಹೊಂದುತ್ತದೆ ಎಂದು ಎಲ್ಲರೂ ನಂಬಿದ್ದರು. ಹೊಂದಲಿಲ್ಲ. ಆ ದಿನ ದಾರಿಯಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಮೊಣಕೈಯನ್ನು, ರಕ್ತ ತೆಗೆದ ಆ ಸಣ್ಣ ಗುರುತನ್ನು, ಬೈಯುವವಳಂತೆ ನೋಡಿದ್ದಳು. ಮರುವಾರ ಕೋಣೆಯವರೆಲ್ಲ, ದೊಡ್ಡಮ್ಮನನ್ನೂ ಸೇರಿಸಿ, ತಾವಾಗಿಯೇ ಹೋಗಿ, ತಮ್ಮದು ಹೊಂದುತ್ತದೆಯೇ ನೋಡಲು ರಕ್ತ ಕೊಟ್ಟು ಬಂದರು. ಕಡ್ಡಿ ಸೂಜಿ ಕಂಡು ಕುರ್ಚಿಯಿಂದ ಜಾರಿ ಬಿದ್ದ. ನರ್ಸ್ ಒಬ್ಬಳು ಅವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದನ್ನೂ, ಎದ್ದವನು ಮೊದಲು ಕೇಳಿದ್ದು "ತೆಗೆದಾಯ್ತಾ?" ಎಂದೂ ತಿಂಗಳುಗಟ್ಟಲೆ ಕೋಣೆಯಲ್ಲಿ ಹೇಳಿಕೊಂಡು ನಕ್ಕರು. ಯಾರದೂ ಹೊಂದಲಿಲ್ಲ. ಆಮೇಲೆ ಒಂದು ದಿನ, ಲೋಕದ ಇನ್ನೊಂದು ಅಂಚಿನಲ್ಲಿ ಯಾರೋ ಒಬ್ಬರದು ಹೊಂದಿದೆ, ಕೊಡಲು ಒಪ್ಪಿದ್ದಾರೆ ಎಂದು ಸುದ್ದಿ ಬಂತು. ಹೆಸರು ಹೇಳುವಂತಿಲ್ಲ, ಊರು ಹೇಳುವಂತಿಲ್ಲ, ಗಂಡೋ ಹೆಣ್ಣೋ ಕೇಳುವಂತಿಲ್ಲ. ತಾಯಿ ಕೇಳಿದ್ದು ಒಂದೇ ಮಾತು, ಎಷ್ಟು ದೂರದವರು ಎಂದು. ಜನ್ಮದಲ್ಲಿ ಮೊದಲ ಸಲ ದಾರಿಯಕ್ಕನಿಗೆ ಆ ಪ್ರಶ್ನೆಗೆ ಕೋಪ ಬರಲಿಲ್ಲ.

ಕಣಗಳು ಬರುವ ವಾರ ತಮ್ಮನ ಮಜ್ಜೆಯನ್ನು ಸುಟ್ಟು ಮುಗಿಸಿದ್ದರು. ಅಂದರೆ ಹಳೆಯ ಮನೆ ಕೆಡವಿ ಆಗಿತ್ತು, ಹೊಸದಕ್ಕೆ ಇಟ್ಟಿಗೆ ಬರಬೇಕಿತ್ತು. ಗಾಜಿನ ಕೋಣೆಯೊಳಗೆ ಅವನು ತಲೆ ಬೋಳಿಸಿದ ಹುಡುಗನ ಹಾಗೆ ಮಲಗಿದ್ದ. ನೆಗಡಿಯಾದವರು ಕೆಮ್ಮಿದರೂ ಅವನ ಜೀವಕ್ಕೆ ಕುತ್ತು. ಕಣಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಒಬ್ಬರು ಕೈಯಲ್ಲೇ ಹಿಡಿದು ತರುತ್ತಾರೆ, ಗಂಟೆ ಕಳೆದಂತೆಲ್ಲ ಒಂದಿಷ್ಟು ಕಣ ಸಾಯುತ್ತವೆ, ಬೇಗ ಬಂದಷ್ಟೂ ಒಳ್ಳೆಯದು ಎಂದಿದ್ದರು. ಪೆಟ್ಟಿಗೆ ಬರುವ ಹಿಂದಿನ ದಿನ ಬೆಳಿಗ್ಗೆ ನರ್ಸ್ ಮಾತಿಗೆ ಮಾತು ಬಂದು, "ಮೇಡಂ, ನಿಮ್ಮ ಕಂಪನಿಯ ಆ ದೂರದ ಫ್ಲೈಟು ನಾಳೆ ಸರಿಯಾದ ಟೈಮಿಗೆ ಬರುತ್ತೆ ತಾನೆ?" ಎಂದುಬಿಟ್ಟಳು. ಅಂದದ್ದೇ ತಡ ನಾಲಿಗೆ ಕಚ್ಚಿಕೊಂಡಳು. ದಾರಿಯಕ್ಕ ಏನೂ ಕೇಳಿಸದವಳಂತೆ ಕೆಲಸಕ್ಕೆ ಬಂದಳು. ಆ ಮಧ್ಯಾಹ್ನ ಆ ವಿಮಾನಕ್ಕೆ ದಾರಿ ಹಾಕುವ ಸರದಿ ಅವಳದೇ ಆಗಿತ್ತು.

ಏಳಬೇಕಿತ್ತು, ಎದ್ದು ಆ ಎರಡು ಮಾತು ಹೇಳಬೇಕಿತ್ತು. ಆದರೆ ಮನಸ್ಸು ವಕೀಲಿಕೆ ಶುರು ಮಾಡಿತು. ನನ್ನವರು ಯಾರಿದ್ದಾರೆ ಅದರಲ್ಲಿ? ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಸೀಟಿಲ್ಲ, ಹೆಸರಿಲ್ಲ, ಅದನ್ನು ತರುವವರು ಯಾರೋ ನಾನು ಕಂಡವಳಲ್ಲ. ಮೇಲಾಗಿ ಇದನ್ನು ಕಡ್ಡಿಯ ಕೈಗೆ ಕೊಡುವುದೇ? ತೊಟ್ಟು ತೊಟ್ಟಿಗೂ ಲೆಕ್ಕ ಹಾಕುವವನ ಕೈಗೆ ತಮ್ಮನ ಜೀವವನ್ನೇ? ಅವಳು ಕೂತೇ ಕೆಲಸ ಶುರು ಮಾಡಿದಳು. ಮಾಡಿದ್ದೇನೆಂದರೆ, ಆ ಊರಿಂದ ಈ ಊರಿಗೆ ಇರುವುದರಲ್ಲೆಲ್ಲ ಗಿಡ್ಡ ಗೆರೆ ಎಳೆದಳು. ಇಪ್ಪತ್ತು ವರ್ಷ ದೂರ ಕೇಳಬೇಡಿ, ಹೊತ್ತು ಕೇಳಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ಅಂದು ದೂರ ಒಂದನ್ನೇ ನೋಡಿದಳು. ಕಣ್ಣೆದುರಿನ ಪರದೆಯಲ್ಲಿ ಗಾಳಿಯ ಬಾಣಗಳೆಲ್ಲ ಆ ಗೆರೆಗೆ ಮುಖಾಮುಖಿ ನಿಂತಿದ್ದವು, ಅವಳಿಗೆ ಕಾಣಲಿಲ್ಲ. ಆಮೇಲೆ ಎಣ್ಣೆ. ನಿಯಮದ್ದರ ಮೇಲೆ ಒಂದು ಟನ್ ಹಾಕಿದಳು. ಸಾಲದೆನ್ನಿಸಿ ಇನ್ನೆರಡು. ಹಾಗೆ ಹಾಕುತ್ತ ಹಾಕುತ್ತ ಎಂಟಕ್ಕೆ ನಿಂತಳು.

ಅಷ್ಟು ಹೆಚ್ಚಿಗೆ ಎಣ್ಣೆ ಹಾಕಿದರೆ ಪಕ್ಕದ ಮೇಜಿನವರು ಒಪ್ಪಿಗೆ ಕೊಡಬೇಕು. ಕಡ್ಡಿ ತನ್ನ ಪರದೆಯನ್ನು ನೋಡಿದ, ಇನ್ನೊಮ್ಮೆ ನೋಡಿದ, ಕುರ್ಚಿ ತಿರುಗಿಸಿದ.

"ಈ ಫ್ಲೈಟಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಯಾರೂ ಇಲ್ಲದ ಫ್ಲೈಟಿಗೆ ಯಾರೂ ಇಷ್ಟು ಎಣ್ಣೆ ಹಾಕಲ್ಲ ಅಕ್ಕ."

ಅವಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಎದ್ದು ನಿಂತಳು. ನಮ್ಮವರು ಇದ್ದಾರೆ ಎಂದಳು. ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ಪದ್ಧತಿಯ ಪ್ರಕಾರ ಯಾರೂ ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ತಿಂಗಳುಗಳಿಂದ ಆ ತಮ್ಮನ ರಕ್ತದ ಲೆಕ್ಕ ಅವರಿಗೆಲ್ಲ ಬಾಯಿಪಾಠ. ಕಡ್ಡಿ ವಿಮಾನವನ್ನು ತನ್ನ ಕಡೆಗೆ ಎಳೆದುಕೊಂಡ.

ಮೊದಲು ಅವಳ ಎಂಟು ಟನ್ನನ್ನು ಒಂದೇ ಏಟಿಗೆ ಅಳಿಸಿದ. ಆಮೇಲೆ ಅವಳ ಗೆರೆಯನ್ನೂ ಅಳಿಸಿ, ನಕ್ಷೆಯಲ್ಲಿ ಎಲ್ಲೋ ಕೆಳಗೆ ಇಳಿದು, ಸಮುದ್ರದ ಮೇಲೆ ದೊಡ್ಡದಾಗಿ ಬಾಗಿ, ಮತ್ತೆ ಮೇಲೆ ಹತ್ತಿ ಬರುವ ಇನ್ನೊಂದು ಗೆರೆ ಎಳೆದ. ಅದು ಅವಳದಕ್ಕಿಂತ ಎಂಟುನೂರು ಕಿಲೋಮೀಟರು ಉದ್ದವಿತ್ತು.

"ಕೊಂಕಣ ಸುತ್ತಿ ಮೈಲಾರಕ್ಕೆ ಬರ್ತಿದೀಯಲ್ಲೋ," ಎಂದಳು. "ಅಲ್ಲಿ ನನ್ನ ತಮ್ಮ ಕಾಯ್ತಿದಾನೆ."

"ಹೊತ್ತು ನೋಡು," ಎಂದ ಕಡ್ಡಿ. "ದೂರ ನೋಡ್ಬೇಡ. ನೀನೇ ಹೇಳೋದಲ್ವಾ."

ಅವಳಿಗೆ ಹೊತ್ತು ನೋಡುವ ತಾಳ್ಮೆಯಿರಲಿಲ್ಲ. ಸಿಟ್ಟಿನಿಂದ ಚೀಲ ಹೆಗಲಿಗೆ ಹಾಕಿಕೊಂಡು, ದೊಡ್ಡಮ್ಮನಿಗೆ ರಜೆ ಎಂದಷ್ಟೇ ಹೇಳಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು.

ಆಸ್ಪತ್ರೆಯಲ್ಲಿ ಗಾಜಿನ ಈಚೆ ಕೂತು, ಒಳಗೆ ಮಲಗಿದ್ದ ತಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡಳು. ಅವನು ಸಾವಕಾಶವಾಗಿ ಕೇಳಿದ. ಆ ಸ್ಥಿತಿಯಲ್ಲೂ ಅವನಿಗೆ ನಗು ಬಂತು. ಕಲಿಯುವವರ ಕಾರಿನಲ್ಲಿ ಎರಡು ಬ್ರೇಕು ಯಾಕಿರುತ್ತದೆ ಗೊತ್ತೇನು ಎಂದು ಕೇಳಿದ. ಚೆನ್ನಾಗಿ ಬರುವವರೂ ಒಂದೊಂದು ದಿನ ಹೆದರುತ್ತಾರೆ, ಹೆದರಿದವರು ಆಕ್ಸಿಲರೇಟರನ್ನೇ ಒತ್ತುತ್ತಾರೆ, ಅದಕ್ಕೆ ಪಕ್ಕದಲ್ಲಿ ಒಬ್ಬ ಹೆದರದವನು ಬೇಕು ಎಂದ. ಆಮೇಲೆ, ಸುಸ್ತಾಯಿತಕ್ಕ ಎಂದು ಕಣ್ಣು ಮುಚ್ಚಿದ. ಅವನ ಮಾತು ಅವಳ ತಲೆಗೆ ಹೋಯಿತು, ಎದೆಗೆ ಹೋಗಲಿಲ್ಲ.

ಬೆಳಗಾಗುವ ಹೊತ್ತಿಗೆ ಅವಳು ಫೋನಿನಲ್ಲಿ ಆ ವಿಮಾನದ ಪುಟ್ಟ ಚಿತ್ರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಸಾವಿರಾರು ವಿಮಾನ ಸಾಗಿಸಿದವಳಿಗೆ, ನೆಲದ ಮೇಲೆ ಕಾಯುವ ಮಂದಿ ಪಡುವ ಪಾಡು ಇದು ಎಂದು ತಿಳಿದಿರಲಿಲ್ಲ. ಚಿತ್ರ ಅಂಗೈಯಲ್ಲೇ ಇದೆ, ಬೆರಳಿನಿಂದ ತಳ್ಳಿದರೆ ಮುಂದೆ ಹೋಗುವುದಿಲ್ಲ. ಕಡ್ಡಿಯ ಬಳಸುದಾರಿಯಲ್ಲಿ ಅದು ಬೆನ್ನಿಗೆ ಗಾಳಿ ಹೊತ್ತು ಬರುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಅರ್ಥವಾಯಿತು. ತನ್ನ ಗಿಡ್ಡ ಗೆರೆಯಲ್ಲಿ ಬಂದಿದ್ದರೆ ಅದು ಈಗ ಮುಕ್ಕಾಲು ಗಂಟೆಯಷ್ಟು ಹಿಂದೆ, ಎದುರುಗಾಳಿಗೆ ತಲೆ ಕೊಟ್ಟು, ತಾನು ತುಂಬಿದ ಆ ಎಂಟು ಟನ್ನಿನ ಭಾರಕ್ಕೆ ಮೇಲಕ್ಕೇರಲೂ ಆಗದೆ, ಆ ಎಣ್ಣೆಯನ್ನೇ ಕುಡಿಯುತ್ತ ತೆವಳುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತಾಯಿ ಸಣ್ಣಂದಿನಲ್ಲಿ ಬೈಯುತ್ತಿದ್ದುದು ನೆನಪಾಯಿತು.

ನಾಚಿಕೆಪಟ್ಟುಕೊಳ್ಳಲೂ ಹೆಚ್ಚು ಸಮಯ ಸಿಗಲಿಲ್ಲ. ಕಾರಿಡಾರಿನ ಕಿಟಕಿಯಾಚೆ ನೋಡಿದರೆ ಎದುರು ಕಟ್ಟಡವಿಲ್ಲ, ರಸ್ತೆಯಿಲ್ಲ, ಆಸ್ಪತ್ರೆಯ ಗೇಟೂ ಇಲ್ಲ. ಮಂಜು ಹಾಲು ಚೆಲ್ಲಿದ ಹಾಗೆ ಕವಿದಿತ್ತು. ವಿಮಾನದ ಚಿತ್ರ ಊರಿನ ಹತ್ತಿರ ಬಂದು, ನೇರ ಬರುವುದು ಬಿಟ್ಟು, ಸುತ್ತತೊಡಗಿತು.

"ಎಷ್ಟು ದೂರ ಇದೆ ಇನ್ನೂ?" ಎಂದರು ಪಕ್ಕದಲ್ಲಿ ಕೂತಿದ್ದ ತಾಯಿ.

"ತಲೆ ಮೇಲೇ ಇದೆಯಮ್ಮ."

ತಾಯಿ ಆಸ್ಪತ್ರೆಯ ಛಾವಣಿಯತ್ತ ಕತ್ತೆತ್ತಿದರು. ದೂರವೆಲ್ಲ ಮುಗಿದಿತ್ತು, ಹೊತ್ತು ಮುಗಿದಿರಲಿಲ್ಲ. ಮಂಜು ತೆರವಾಗದಿದ್ದರೆ ವಿಮಾನ ಬೇರೆ ಊರಿಗೆ ತಿರುಗಬೇಕು. ಆ ಊರಿನಲ್ಲಿ ಇಳಿದರೆ ಪೈಲಟ್‌ಗಳ ಕೆಲಸದ ಅವಧಿ ಮುಗಿಯುತ್ತದೆ, ಹೊಸಬರು ಬರಬೇಕು, ರಸ್ತೆಯಲ್ಲಿ ತರೋಣವೆಂದರೆ ಒಂದು ದಿನದ ಹಾದಿ. ಒಳಗೆ ಮಲಗಿದವನ ಮೈಯಲ್ಲಿ ರಕ್ತ ಹುಟ್ಟುವುದು ನಿಂತು ದಿನಗಳಾಗಿದ್ದವು. ಕಡ್ಡಿ ಎಷ್ಟು ಎಣ್ಣೆ ಹಾಕುತ್ತಾನೆ ಎಂಬುದು ಅವಳಿಗೆ ತನ್ನ ಅಂಗೈಯಷ್ಟು ಗೊತ್ತು. ಅರ್ಧ ಗಂಟೆ ಸುತ್ತಬಹುದು, ಅದರ ಮೇಲೆ ಒಂದು ಸುತ್ತೂ ಇಲ್ಲ. ಅವಳು ತುಟಿ ಕಚ್ಚಿಕೊಂಡು ಗಡಿಯಾರ ನೋಡಿದಳು. ಅರ್ಧ ಗಂಟೆ ಆಯಿತು. ಈಗ ತಿರುಗುತ್ತದೆ, ಇದೋ ಈಗ, ಎಂದು ಫೋನಿನ ಮೇಲೆ ಕಣ್ಣು ನೆಟ್ಟು ಕೂತಳು. ಚಿತ್ರ ತಿರುಗಲಿಲ್ಲ, ಇನ್ನೊಂದು ಸುತ್ತು ಹಾಕಿತು. ಆಮೇಲೆ ಮತ್ತೊಂದು. ಇದು ಹೇಗೆ ಸಾಧ್ಯ ಎಂದು ಅವಳ ಲೆಕ್ಕವೆಲ್ಲ ತಲೆಕೆಳಗಾಯಿತು. ಅಷ್ಟರಲ್ಲಿ ಕಿಟಕಿಯಾಚೆ ಮೊದಲು ಗೇಟು ಕಂಡಿತು, ಆಮೇಲೆ ರಸ್ತೆ, ಆಮೇಲೆ ಎದುರು ಕಟ್ಟಡದ ನೀರಿನ ಟ್ಯಾಂಕು. ಫೋನಿನ ಚಿತ್ರ ನೇರವಾಯಿತು, ಇಳಿಯಿತು, ನಿಂತಿತು. ಹೋದ ಜೀವ ಬಂದ ಹಾಗಾಗಿ ಅವಳು ತಾಯಿಯ ಮಡಿಲಲ್ಲಿ ಮುಖ ಇಟ್ಟು ಜೋರಾಗಿ ಅತ್ತಳು. ನಲವತ್ತೈದು ವರ್ಷದ ಮಗಳ ಬೆನ್ನು ಸವರುತ್ತ ತಾಯಿ, ಬಂತಾ, ಬಂತಾ ಎಂದು ಕೇಳುತ್ತಲೇ ಇದ್ದರು.

ಇಲ್ಲಿಂದಲೇ ಹೋಗಿ ಪೆಟ್ಟಿಗೆ ತಂದವರು ದಪ್ಪಗಿನ, ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು. ಕಾರಿಡಾರಿನಲ್ಲಿ ಬಿರಬಿರನೆ ನಡೆದು ಬಂದರು, ಒಂದು ಕೈಯಲ್ಲಿ ನೀಲಿ ಪೆಟ್ಟಿಗೆ, ಇನ್ನೊಂದು ಕೈ ಯಾರಾದರೂ ಅಡ್ಡ ಬಂದರೆ ತಳ್ಳಲು ಸಿದ್ಧ. ಪೆಟ್ಟಿಗೆಯನ್ನು ಒಳಗೆ ಒಪ್ಪಿಸಿ ಬಂದು, ತಾಯಿ ಮಗಳ ಪಕ್ಕ ಬೆಂಚಿನ ಮೇಲೆ ಉಸ್ಸೆಂದು ಕೂತು ನೀರು ಕೇಳಿದರು. ಬೆಂಚಿನಲ್ಲಿ ಕೂತವರು ಯಾರೆಂದು ಆಕೆ ಕೇಳುವಂತಿರಲಿಲ್ಲ, ಪೆಟ್ಟಿಗೆ ಎಲ್ಲಿಂದ ಬಂತೆಂದು ಇವರೂ ಕೇಳುವಂತಿರಲಿಲ್ಲ. ಆದರೆ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ಬಾಯಿಗೆ ಬೀಗ ಹಾಕುವ ನಿಯಮವನ್ನು ಯಾರೂ ಇನ್ನೂ ಮಾಡಿಲ್ಲ. ಊರು ಬಿಟ್ಟು, ಹೆಸರು ಬಿಟ್ಟು, ಮಿಕ್ಕಿದ್ದೆಲ್ಲ ಹೇಳಿದರು. ಪೆಟ್ಟಿಗೆಯನ್ನು ಕಾಲ ಹತ್ತಿರವೇ ಇಟ್ಟುಕೊಂಡು ಬಂದೆ, ಶೌಚಕ್ಕೂ ಜೊತೆಗೇ ಕರೆದುಕೊಂಡು ಹೋದೆ ಎಂದರು. ಪರದೆಯಲ್ಲಿ ನೋಡಿದರೆ ವಿಮಾನ ಎಲ್ಲಿಗೋ ಹೋಗುತ್ತಿತ್ತಂತೆ. ನಮ್ಮ ಹಳೆಯ ಡ್ರೈವರನ ಹಾಗೆ ಇವನೂ ದಾರಿ ತಪ್ಪಿದನೋ ಏನೋ ಎಂದು ಗಾಬರಿಯಾಗಿ, ಗಗನಸಖಿಯನ್ನು ಕರೆದು ಕೇಳಿಯೂ ಬಿಟ್ಟರಂತೆ.

"ಆದ್ರೂ ಹೇಳ್ಬೇಕು," ಎಂದರು ನೀರಿನ ಲೋಟ ಕೆಳಗಿಟ್ಟು, "ಒಂದು ಚೂರು ಕುಲುಕಾಡ್ಲಿಲ್ಲ. ಮಂಜು ತೆಗೆಯೋವರೆಗೂ ಅಷ್ಟು ಹೊತ್ತು ಕಾದ್ರು, ಓಡಿ ಹೋಗ್ಲಿಲ್ಲ. ಆ ದಾರಿ ಹಾಕಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ."

ದಾರಿಯಕ್ಕ ಆಕೆಯ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಂಡಕ್ಟರಮ್ಮ ಅವಳ ಮುಖ ನೋಡಿ, ಗಾಜಿನಾಚೆ ನೋಡಿ, ಅರ್ಥ ಮಾಡಿಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲವೇನೋ, ಸುಮ್ಮನಾದರು.

ಮಧ್ಯಾಹ್ನ ಪೆಟ್ಟಿಗೆಯೊಳಗಿದ್ದ ಕಣಗಳ ಚೀಲವನ್ನು ತಮ್ಮನ ಹಾಸಿಗೆಯ ಮೇಲಿನ ಕೊಕ್ಕೆಗೆ ತೂಗುಹಾಕಿದರು. ಅಷ್ಟು ದೂರದಿಂದ, ಅಷ್ಟು ಜನರ ಕೈ ದಾಟಿ ಬಂದದ್ದು ಅಂಗೈಯಷ್ಟು ಅಗಲದ ಒಂದು ಚೀಲ. ತೊಟ್ಟು ತೊಟ್ಟಾಗಿ ಇಳಿಯುವುದನ್ನು ತಾಯಿ ಗಾಜಿಗೆ ಹಣೆಯೊತ್ತಿ ನೋಡಿದರು. ಹೆಸರೇ ಗೊತ್ತಿಲ್ಲದವರನ್ನು ಏನೆಂದು ಹರಸಲಿ ಎಂದು ಅವರಿಗೆ ಸಂಕಟವಾಯಿತು. ದೂರದವರು ಎಂದು ಹರಸಮ್ಮ, ಅವರಿಗೆ ಗೊತ್ತಾಗುತ್ತದೆ ಎಂದ ತಮ್ಮ ಫೋನಿನಲ್ಲಿ.

"ದೂರ ಎಲ್ಲಿ ಬಂತೋ," ಎಂದರು ತಾಯಿ. "ನಿನ್ನೊಳಗೇ ಬಂದಾಯ್ತಲ್ಲ."

ಬಿತ್ತಿದ್ದು ಮೊಳೆಯಿತೋ ಇಲ್ಲವೋ ತಿಳಿಯಲು ಮೂರು ವಾರ ಬೇಕಾಯಿತು. ಮೊಳೆಯಿತು. ತಮ್ಮನ ಮೈಯಲ್ಲಿ ಹೊಸ ರಕ್ತ ಹುಟ್ಟತೊಡಗಿದೆ ಎಂದು ಡಾಕ್ಟರು, ಅಡ್ಡಗೋಡೆಯ ದೀಪವನ್ನೆಲ್ಲ ಪಕ್ಕಕ್ಕಿಟ್ಟು, ನೇರ ಮಾತಿನಲ್ಲಿ ಹೇಳಿದರು. ಅದರ ಮರುದಿನ ದಾರಿಯಕ್ಕ ಕೆಲಸಕ್ಕೆ ಬಂದಳು. ಕೋಣೆಯವರೆಲ್ಲ ಎದ್ದು ಬಂದು ಕೈ ಹಿಡಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಕಡ್ಡಿ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ, ತಮ್ಮ ಹೇಗಿದಾನೆ ಎಂದು ಕೇಳಿ, ಊಟ ಕೇಳ್ತಾನೆ ಎಂಬ ಉತ್ತರಕ್ಕೆ ತಲೆಯಾಡಿಸಿದ. ಅವನಿಗೆ ಹೇಗೆ ಕೃತಜ್ಞತೆ ಹೇಳಬೇಕೆಂದು ಅವಳು ಬಸ್ಸಿನಲ್ಲಿ ಬರುವಾಗ ಪೂರ್ತಿ ಯೋಚಿಸಿದ್ದಳು, ಅವನ ಮುಖ ಕಂಡಕೂಡಲೇ ಅದೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತಮ್ಮ ಮೇಜಿನಿಂದ ಎದ್ದು ಬಂದರು. ಹೆಚ್ಚಿಗೆ ಎಣ್ಣೆ ಹೋದ ವಿಮಾನಗಳಿಗೆ ಅವರು ಮೇಲಿನವರಿಗೆ ಕಾರಣ ಹೇಳಬೇಕಿತ್ತು. ಒಂದೊಂದಕ್ಕೂ ಕಾರಣ ಕೇಳುತ್ತ ಕಡ್ಡಿಯ ಮೇಜಿನ ಹತ್ತಿರ ನಿಂತರು. ಆ ಮೇಜಿನ ಹತ್ತಿರ ಅವರು ಈ ಕೆಲಸಕ್ಕೆ ನಿಂತದ್ದು ಅದೇ ಮೊದಲು. ಆ ದಿನದ ಆ ವಿಮಾನಕ್ಕೆ ನಿಯಮದ್ದರ ಮೇಲೆ ಎರಡು ಟನ್ ಹೋಗಿದೆ, ಗಾಳಿ ಚೆನ್ನಾಗಿತ್ತು, ಮಂಜಿನ ಮುನ್ಸೂಚನೆಯೂ ಇರಲಿಲ್ಲ, ಯಾಕೆ ಎಂದು ಕೇಳಿದರು.

ದಾರಿಯಕ್ಕ ತಿರುಗಿ ನೋಡಿದಳು. ಆ ಹೆಚ್ಚಿನ ಸುತ್ತುಗಳು ಎಲ್ಲಿಂದ ಬಂದವು ಎಂದು ಮೂರು ವಾರದಿಂದ ಅವಳನ್ನು ಕೊರೆಯುತ್ತಿದ್ದ ಲೆಕ್ಕ ಈಗ ಸರಿಹೋಯಿತು. ಕಡ್ಡಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಯಾಕೆ ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷ ಬೇರೆಯವರಿಗೆ ಕೇಳಿದವನಿಗೆ, ತನಗೇ ಅದು ಬಂದಾಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ನಮ್ಮವರು ಇದ್ರು," ಎಂದ ಕೊನೆಗೆ.

ದೊಡ್ಡಮ್ಮ ಕನ್ನಡಕದ ಮೇಲಿಂದ ಅವನನ್ನು ದಿಟ್ಟಿಸಿದರು. "ಹಾಗಿದ್ಮೇಲೆ ನೀನು ಅದಕ್ಕೆ ದಾರಿ ಹಾಕ್ಬಾರದಿತ್ತು. ಪಕ್ಕದವರಿಗೆ ಕೊಡ್ಬೇಕಿತ್ತು."

"ಯಾರಿಗೆ ಕೊಡ್ಲಿ ಮೇಡಂ?" ಎಂದ ಕಡ್ಡಿ, ಕೋಣೆಯ ಎಂಟೂ ಮೇಜುಗಳ ಕಡೆ ಕೈ ತೋರಿಸಿ. "ಇಲ್ಲಿ ಯಾರಿಗೆ ಕೊಟ್ಟಿದ್ರೂ ಅದೇ ಕಥೆ. ನಿಮಗೆ ಕೊಟ್ಟಿದ್ರೂ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡು, ಗಾಳಿ ಕೈಕೊಟ್ಟಿತ್ತು ಎಂದು ಮೇಲಿನವರಿಗೆ ಹೇಳುತ್ತೇನೆ ಎನ್ನುತ್ತ ತಮ್ಮ ಜಾಗಕ್ಕೆ ಹೋದರು.

ದಾರಿಯಕ್ಕ ಕುರ್ಚಿಯನ್ನು ಅವನ ಮೇಜಿನ ಹತ್ತಿರ ಎಳೆದುಕೊಂಡಳು. ಪೆಟ್ಟಿಗೆ ತಂದವರು ಒಂದು ಮಾತು ಹೇಳಿ ಹೋಗಿದ್ದಾರೆ, ಅದು ನನ್ನ ಹತ್ತಿರ ಮೂರು ವಾರದಿಂದ ಇದೆ, ನಿನಗೆ ಸೇರಬೇಕಾದದ್ದು ಎಂದಳು.

"ನಿನ್ನ ಹೊಟ್ಟೆ ತಣ್ಣಗಿರಲಿ ಅಂದ್ರು."

ಕಡ್ಡಿಯ ಕಿವಿ ಕೆಂಪಗಾಯಿತು. ಅವನು ಪರದೆಯ ಕಡೆ ತಿರುಗಿ, ಅಲ್ಲಿ ಏನೂ ಇಲ್ಲದಿದ್ದರೂ ಏನನ್ನೋ ಹುಡುಕಿದ.

"ಒಂದೂವರೆ ಟನ್ ಸಾಕಾಗ್ತಿತ್ತು," ಎಂದ. "ಹೆದರಿಕೆಗೆ ಅರ್ಧ ಜಾಸ್ತಿ ಹಾಕ್ಬಿಟ್ಟೆ."